ಶೀತಜಲ ಮೀನುಗಳು: ಮರಿಹಂತದ ಬೆಳವಣಿಗೆ ಮತ್ತು ವರ್ತನೆಯಲ್ಲಿ ಪರಿಸರದ ಪಾತ್ರ

ವರ್ಷದ ಬಹುಕಾಲ 20° ಸೆ.ಗಿಂತ ತಂಪಾಗಿದ್ದು ಕರಗಿದ ಆಮ್ಲಜನಕ ಹೇರಳವಾಗಿರುವ ಹೊಳೆ, ನದಿ ಹಾಗೂ ಸರೋವರಗಳಲ್ಲಿ ಮೊಟ್ಟೆಯಿಟ್ಟು ಬೆಳೆಯುವ ಮೀನುಗಳಿಗೆ ಶೀತಜಲ ಮೀನುಗಳೆಂದು ಹೆಸರು. ಉತ್ತರ ಗೋಳಾರ್ಧದ ಸಾಲ್ಮನ್, ಟ್ರೌಟ್ ಮತ್ತು ಚಾರ್ ಮೀನುಗಳು ಸೇರಿರುವ ಸಾಲ್ಮೊನಿಡೀ ಕುಟುಂಬ ಇವುಗಳಲ್ಲಿ ಅತ್ಯಂತ ವಿವರವಾದ ಅಧ್ಯಯನಕ್ಕೆ ಒಳಗಾಗಿದೆ. ಹಿಮಾಲಯದ ಹೊಳೆಗಳಲ್ಲಿ ವಾಸಿಸುವ, ಗೆಂಡೆ ಮೀನಿನ ಬಳಗಕ್ಕೆ ಸೇರಿದ ಸ್ಕಿಜೊಥೊರ್ಯಾಕ್ಸ್ ಜಾತಿಗಳನ್ನೂ ಈ ಗುಂಪಿನಲ್ಲೇ ಎಣಿಸುತ್ತಾರೆ. ಅಟ್ಲಾಂಟಿಕ್ ಸಾಲ್ಮನ್ (ಸಾಲ್ಮೊ ಸಾಲಾರ್) ಮತ್ತು ಕಂದು ಟ್ರೌಟ್ (ಸಾಲ್ಮೊ ಟ್ರುಟ್ಟ) ಎಂಬ ಎರಡು ಜಾತಿಗಳ ಬಾಲ್ಯದ ಬಗ್ಗೆ ದೊರೆತಿರುವ ತಿಳಿವಳಿಕೆಯೇ ಇಲ್ಲಿನ ವಿವರಣೆಗೆ ಮುಖ್ಯ ಆಧಾರ.

ಸಸ್ತನಿಗಳ ಭ್ರೂಣ ತಾಯಿಯ ಗರ್ಭದಲ್ಲಿ ಒಂದೇ ಸಮನಾದ ಶಾಖದಲ್ಲಿ ಬೆಳೆಯುತ್ತದೆ. ಮೀನಿನ ಮೊಟ್ಟೆಗೆ ಅಂಥ ರಕ್ಷಣೆಯಿಲ್ಲ. ತಾಯಿಯ ದೇಹದಿಂದ ಹೊರಬಿದ್ದ ಗಳಿಗೆಯಿಂದ ನೀರಿನ ಉಷ್ಣತೆ, ಅದರಲ್ಲಿ ಕರಗಿದ ಅನಿಲಗಳು, ಹರಿವಿನ ವೇಗ, ತಳದ ಕಲ್ಲು ಮರಳು, ಹಗಲಿನ ಅವಧಿ ಇವೆಲ್ಲವೂ ಅದರ ಮೇಲೆ ನೇರವಾಗಿ ಕೆಲಸ ಮಾಡತೊಡಗುತ್ತವೆ. ಈ ಪ್ರಭಾವ ಬೆಳವಣಿಗೆಯನ್ನು ತ್ವರೆಗೊಳಿಸುವ ಅಥವಾ ನಿಧಾನಗೊಳಿಸುವಷ್ಟಕ್ಕೇ ನಿಲ್ಲುವುದಿಲ್ಲ. ದೇಹದಲ್ಲಿ ಎಷ್ಟು ಸ್ನಾಯುತಂತುಗಳು ಮೂಡಬೇಕು, ಮರಿ ಹಗಲಲ್ಲಿ ಮೇಯಬೇಕೋ ರಾತ್ರಿಯಲ್ಲೋ, ಅದು ಎಲ್ಲೆ ಕಾಯುವ ಜಗಳಗಂಟಿಯಾಗಬೇಕೋ ಅಂಚಿನಲ್ಲಿ ಬದುಕುವ ಮರಿಯಾಗಬೇಕೋ, ಸಮುದ್ರಕ್ಕೆ ಇಳಿಯಬೇಕೋ ಹುಟ್ಟಿದ ಹೊಳೆಯಲ್ಲೇ ಉಳಿಯಬೇಕೋ ಎಂಬ ಪ್ರಶ್ನೆಗಳಿಗೆ ಆನುವಂಶಿಕತೆಯ ಜೊತೆಗೆ ಪರಿಸರವೂ ಉತ್ತರ ಕೊಡುತ್ತದೆ. ಆ ಉತ್ತರಗಳಲ್ಲಿ ಬಹುಪಾಲು ಮೊಟ್ಟೆಯಿಟ್ಟ ಚಳಿಗಾಲದಿಂದ ಮರಿಯ ಮೊದಲ ಶರತ್ಕಾಲದವರೆಗಿನ ಒಂದು ವರ್ಷಕ್ಕಿಂತ ಕಡಿಮೆ ಅವಧಿಯಲ್ಲೇ ತೀರ್ಮಾನವಾಗಿಬಿಡುತ್ತದೆ ಎಂಬುದು ಕಳೆದ ಅರ್ಧ ಶತಮಾನದ ಸಂಶೋಧನೆಯಿಂದ ಸ್ಪಷ್ಟವಾಗಿರುವ ಸಂಗತಿ.

ಜಲ್ಲಿಯೊಳಗಿನ ಜೀವನ

ಸಾಲ್ಮನ್ ಮತ್ತು ಕಂದು ಟ್ರೌಟ್ ಮೀನುಗಳು ಶರತ್ಕಾಲದ ಕೊನೆಯಿಂದ ಚಳಿಗಾಲದ ಆರಂಭದವರೆಗೆ, ಸ್ವಚ್ಛವಾದ ಜಲ್ಲಿಯ ಮೇಲೆ ನೀರು ತುಸು ರಭಸವಾಗಿ ಹರಿಯುವ ತಾಣಗಳನ್ನು ಆರಿಸಿಕೊಂಡು ಮೊಟ್ಟೆಯಿಡುತ್ತವೆ. ಹೆಣ್ಣು ಮೀನು ಒಂದು ಮಗ್ಗುಲಾಗಿ ಮಲಗಿ ಬಾಲವನ್ನು ಬಲವಾಗಿ ಬಡಿಯುತ್ತದೆ. ಬಡಿತದಿಂದ ಮೇಲೆದ್ದ ಜಲ್ಲಿಯನ್ನು ಹರಿವು ಸ್ವಲ್ಪ ಕೆಳಕ್ಕೆ ಒಯ್ದು ಹಾಕುತ್ತದೆ, ಹೂಳು ತೇಲಿಹೋಗುತ್ತದೆ, ಗುಂಡಿ ಆಳವಾಗುತ್ತದೆ. ನಡುನಡುವೆ ಹೆಣ್ಣು ಗುದದ ಬಳಿಯ ಈಜುರೆಕ್ಕೆಯನ್ನು ಗುಂಡಿಯೊಳಕ್ಕೆ ಇಳಿಬಿಟ್ಟು ಆಳವನ್ನು ಪರೀಕ್ಷಿಸುವುದೂ ಉಂಟು. ಗಂಡು ಪಕ್ಕಕ್ಕೆ ಬಂದು ನಿಂತಾಗ ಮೊಟ್ಟೆ ಮತ್ತು ವೀರ್ಯ ಒಟ್ಟಿಗೆ ಬಿಡುಗಡೆಯಾಗುತ್ತವೆ. ಕೂಡಲೇ ಹೆಣ್ಣು ಸ್ವಲ್ಪ ಮೇಲ್ಹರಿವಿಗೆ ಸರಿದು ಇನ್ನೊಂದು ಗುಂಡಿ ತೋಡಲು ತೊಡಗುತ್ತದೆ. ಅಲ್ಲಿ ಎದ್ದ ಜಲ್ಲಿ ಮೊದಲ ಗುಂಡಿಯ ಮೊಟ್ಟೆಗಳನ್ನು ಮುಚ್ಚುತ್ತದೆ. ರೆಡ್ ಎಂದು ಕರೆಯುವ ಈ ಗೂಡಿನಲ್ಲಿ 5ರಿಂದ 7 ಮಿ.ಮೀ. ವ್ಯಾಸದ ಕಿತ್ತಳೆ ಬಣ್ಣದ ಮೊಟ್ಟೆಗಳು ಸಾಮಾನ್ಯವಾಗಿ 10ರಿಂದ 30 ಸೆಂ.ಮೀ. ಆಳದಲ್ಲಿ ಚಳಿಗಾಲವನ್ನು ಕಳೆಯುತ್ತವೆ.

ಭ್ರೂಣದ ಬೆಳವಣಿಗೆಯ ಗಡಿಯಾರವನ್ನು ನಡೆಸುವುದು ಉಷ್ಣತೆ. ಮೀನು ಸಾಕುವವರು ಇದನ್ನು ಡಿಗ್ರಿ-ದಿನಗಳಲ್ಲಿ ಅಳೆಯುತ್ತಾರೆ. ಪ್ರತಿದಿನದ ಸರಾಸರಿ ಉಷ್ಣತೆಯನ್ನು ಕೂಡಿಸುತ್ತ ಹೋದರೆ ಬರುವ ಮೊತ್ತವೇ ಡಿಗ್ರಿ-ದಿನ. ಅಟ್ಲಾಂಟಿಕ್ ಸಾಲ್ಮನ್ ಮೊಟ್ಟೆಯೊಡೆಯಲು ಸುಮಾರು 500 ಡಿಗ್ರಿ-ದಿನಗಳು ಬೇಕು, ಎಂದರೆ 5° ಸೆ. ನೀರಿನಲ್ಲಿ ಸುಮಾರು 100 ದಿನ. ಕಾಮನಬಿಲ್ಲು ಟ್ರೌಟ್‌ನ ಮೊಟ್ಟೆ 10° ಸೆ.ನಲ್ಲಿ ಸುಮಾರು 31 ದಿನಗಳಲ್ಲಿ ಒಡೆದರೆ 4.5° ಸೆ. ಆಸುಪಾಸಿನಲ್ಲಿ 80 ದಿನಗಳನ್ನು ತೆಗೆದುಕೊಳ್ಳುತ್ತದೆ. ಈ ಮೊತ್ತ ಎಲ್ಲ ಉಷ್ಣತೆಗಳಲ್ಲೂ ಕರಾರುವಾಕ್ಕಾಗಿ ಒಂದೇ ಆಗಿರುವುದಿಲ್ಲವಾದರೂ ಮೊಟ್ಟೆಯೊಡೆಸಿ ಮರಿ ಬೆಳೆಸುವ ಹ್ಯಾಚರಿಯ ನಿತ್ಯದ ಕೆಲಸಕ್ಕೆ ಸಾಕಾಗುವಷ್ಟು ನಂಬಿಕೆಗೆ ಅರ್ಹವಾಗಿದೆ.

ತಂಪು ಗಡಿಯಾರವನ್ನು ನಿಧಾನಗೊಳಿಸುತ್ತದೆ ಎಂಬ ಈ ಗುಣವೇ ಟ್ರೌಟ್ ಮೀನು ಭೂಮಧ್ಯರೇಖೆಯನ್ನು ದಾಟಲು ಕಾರಣವಾಯಿತು. 1864ರ ಜನವರಿಯಲ್ಲಿ ಇಂಗ್ಲೆಂಡಿನಿಂದ ಹೊರಟ ನಾರ್ಫೋಕ್ ಎಂಬ ಹಡಗಿನಲ್ಲಿ, ಮಂಜುಗಡ್ಡೆ ತುಂಬಿದ ಕೋಣೆಯಲ್ಲಿ, ಒದ್ದೆ ಪಾಚಿ ಹಾಸಿದ ಮರದ ಪೆಟ್ಟಿಗೆಗಳೊಳಗೆ ಸಾಲ್ಮನ್ ಮತ್ತು ಟ್ರೌಟ್ ಮೊಟ್ಟೆಗಳನ್ನು ಇಟ್ಟು ಆಸ್ಟ್ರೇಲಿಯಾಕ್ಕೆ ಸಾಗಿಸಲಾಯಿತು. ಹಿಂದಿನ ಪ್ರಯತ್ನಗಳು ವಿಫಲವಾಗಿದ್ದರೂ ಜೇಮ್ಸ್ ಯೂಲ್ ಪಟ್ಟುಬಿಡದೆ ರೂಪಿಸಿದ ಈ ವಿಧಾನದಿಂದ ಮೊಟ್ಟೆಗಳು ಜೀವಂತವಾಗಿ ಟಾಸ್ಮೇನಿಯ ತಲುಪಿ ಅಲ್ಲಿ ಒಡೆದವು. ಸಾಲ್ಮನ್ ಮರಿಗಳು ಸಮುದ್ರಕ್ಕಿಳಿದು ಮರಳಲಿಲ್ಲ. ಕಂದು ಟ್ರೌಟ್ ಮಾತ್ರ ನೆಲೆನಿಂತು, ಅಲ್ಲಿಂದ ನ್ಯೂಜಿಲೆಂಡಿಗೂ ಹರಡಿತು. ಮುಂದೆ ಇಂಥದೇ ಸಾಗಣೆಯಿಂದ ಟ್ರೌಟ್ ಭಾರತವನ್ನೂ ತಲುಪಿತು.

ಗಡಿಯಾರದ ವೇಗಕ್ಕಿಂತ ಕುತೂಹಲದ ಸಂಗತಿಯೆಂದರೆ ಭ್ರೂಣಾವಸ್ಥೆಯ ಉಷ್ಣತೆ ಬಿಟ್ಟುಹೋಗುವ ಶಾಶ್ವತ ಗುರುತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಇಯಾನ್ ಜಾನ್‌ಸ್ಟನ್ ಅವರ ತಂಡ ಸಾಲ್ಮನ್ ಮೊಟ್ಟೆಗಳನ್ನು 2°, 5°, 8° ಮತ್ತು 10° ಸೆ. ಉಷ್ಣತೆಗಳಲ್ಲಿ ಬೇರೆಬೇರೆಯಾಗಿ ಇಟ್ಟು, ಭ್ರೂಣದಲ್ಲಿ ಕಣ್ಣಿನ ಕಪ್ಪು ಮೂಡಿದ ಮೇಲೆ ಎಲ್ಲವನ್ನೂ ಒಂದೇ ಪರಿಸ್ಥಿತಿಯಲ್ಲಿ ಬೆಳೆಸಿತು. ತಿಂಗಳುಗಳು ಕಳೆದು ಮೀನುಗಳು ದೊಡ್ಡವಾದ ಮೇಲೂ ಅವುಗಳ ಸ್ನಾಯುವಿನ ರಚನೆಯಲ್ಲಿ ವ್ಯತ್ಯಾಸ ಉಳಿದಿತ್ತು. ಅತಿ ಹೆಚ್ಚು ಸ್ನಾಯುತಂತುಗಳು ಕಂಡದ್ದು 5° ಸೆ.ನಲ್ಲಿ ಆರಂಭವಾದ ಮೀನುಗಳಲ್ಲಿ. ಕೆಲವೇ ವಾರಗಳ ನೀರಿನ ಉಷ್ಣತೆ ಇಡೀ ಜೀವನದ ಸ್ನಾಯುಬಲವನ್ನು ಭಾಗಶಃ ಗೊತ್ತುಪಡಿಸುತ್ತದೆ ಎಂಬ ಈ ಫಲಿತಾಂಶ, ಮೊಟ್ಟೆಗಳನ್ನು ಬೆಚ್ಚಗಿಟ್ಟು ಬೇಗ ಮರಿ ಮಾಡಿಸುವ ವಾಣಿಜ್ಯ ಪದ್ಧತಿಯನ್ನು ಮರುಪರಿಶೀಲಿಸುವಂತೆ ಮಾಡಿತು.

ಜಲ್ಲಿಯೊಳಗಿನ ಭ್ರೂಣಕ್ಕೆ ಕಿವಿರುಗಳು ಇನ್ನೂ ಕೆಲಸ ಮಾಡುವುದಿಲ್ಲವಾದ್ದರಿಂದ ಆಮ್ಲಜನಕ ಮೊಟ್ಟೆಯ ಹೊದಿಕೆಯ ಮೂಲಕವೇ ಒಳಗೆ ಇಳಿಯಬೇಕು. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ: ಸಮುದ್ರಮಟ್ಟದಲ್ಲಿ 0° ಸೆ. ಇರುವ ಸಿಹಿನೀರು ಲೀಟರಿಗೆ ಸುಮಾರು 14.6 ಮಿ.ಗ್ರಾಂ., 10° ಸೆ.ನಲ್ಲಿ 11.3 ಮಿ.ಗ್ರಾಂ., 20° ಸೆ.ನಲ್ಲಿ 9.1 ಮಿ.ಗ್ರಾಂ. ಹಿಡಿದಿಟ್ಟುಕೊಳ್ಳಬಲ್ಲದು. ಉಷ್ಣತೆ ಏರಿದಂತೆ ಭ್ರೂಣದ ಬೇಡಿಕೆ ಹೆಚ್ಚುತ್ತದೆ, ಪೂರೈಕೆ ಕುಗ್ಗುತ್ತದೆ. ಅದಕ್ಕಿಂತಲೂ ದೊಡ್ಡ ಅಪಾಯ ಹೂಳಿನದು. ಉತ್ತ ಹೊಲಗಳಿಂದ, ಕಡಿದ ಕಾಡಿನಿಂದ, ರಸ್ತೆ ಕಾಮಗಾರಿಯಿಂದ ಕೊಚ್ಚಿಬಂದ ನಯವಾದ ಮಣ್ಣು ಜಲ್ಲಿಯ ಸಂದುಗಳನ್ನು ಮುಚ್ಚಿದಾಗ, ಮೇಲೆ ಹರಿಯುವ ನೀರಿನಲ್ಲಿ ಆಮ್ಲಜನಕ ತುಂಬಿದ್ದರೂ ಅದು ಮೊಟ್ಟೆಯನ್ನು ಮುಟ್ಟುವುದಿಲ್ಲ. ಆಮ್ಲಜನಕ ಸಾಲದಾದಾಗ ಭ್ರೂಣ ನಿಧಾನವಾಗಿ ಬೆಳೆಯುತ್ತದೆ, ಇಲ್ಲವೇ ಹೊದಿಕೆಯನ್ನು ಕರಗಿಸುವ ಕಿಣ್ವವನ್ನು ಸಮಯಕ್ಕೆ ಮುಂಚೆಯೇ ಸ್ರವಿಸಿ, ಚಿಕ್ಕದಾಗಿ, ಬಲಹೀನವಾಗಿ ಹೊರಬೀಳುತ್ತದೆ. ದೊಡ್ಡ ಮೊಟ್ಟೆಯ ಒಳಭಾಗಕ್ಕೆ ಆಮ್ಲಜನಕ ತಲುಪುವುದು ಕಷ್ಟ, ಹೀಗಾಗಿ ಕೊರತೆಯ ಕಾಲದಲ್ಲಿ ಚಿಕ್ಕ ಮೊಟ್ಟೆಗಳೇ ಉಳಿಯುತ್ತವೆ ಎಂದು ಬಹುಕಾಲ ನಂಬಲಾಗಿತ್ತು. ಕಂದು ಟ್ರೌಟ್ ಮೊಟ್ಟೆಗಳ ಮೇಲೆ ಐನುಮ್, ಹೆಂಡ್ರಿ ಮತ್ತು ಫ್ಲೆಮಿಂಗ್ ನಡೆಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ವಿರುದ್ಧವಾದ ಫಲ ಕೊಟ್ಟಿತು. ಆಮ್ಲಜನಕ ಕಡಿಮೆಯಿದ್ದಾಗಲೂ ದೊಡ್ಡ ಮೊಟ್ಟೆಗಳೇ ಹೆಚ್ಚು ಉಳಿದವು.

ಮೊಟ್ಟೆಯೊಡೆದ ಮರಿಯನ್ನು ಅಲೆವಿನ್ ಎನ್ನುತ್ತಾರೆ. ಹೊಟ್ಟೆಗೆ ಅಂಟಿದ ದೊಡ್ಡ ಹಳದಿಯ ಚೀಲವೇ ಅದರ ಬುತ್ತಿ. ಈ ಹಂತದ ಮರಿಯ ವರ್ತನೆ ಎರಡೇ ನಿಯಮಗಳಿಗೆ ಬದ್ಧ: ಬೆಳಕಿನಿಂದ ದೂರ ಸರಿಯುವುದು, ಕೆಳಮುಖವಾಗಿ ನುಸುಳುವುದು. ಹೀಗಾಗಿ ಅದು ಜಲ್ಲಿಯೊಳಗೇ ವಾರಗಟ್ಟಲೆ ಉಳಿಯುತ್ತದೆ. ಹಳದಿ ಮುಗಿಯುತ್ತ ಬಂದಂತೆ ಈ ಪ್ರವೃತ್ತಿ ಹಿಮ್ಮುಖವಾಗಿ, ಸುಮಾರು 25 ಮಿ.ಮೀ. ಉದ್ದದ ಮರಿ ಬಹುಮಟ್ಟಿಗೆ ರಾತ್ರಿಯ ಹೊತ್ತು ಜಲ್ಲಿಯಿಂದ ಮೇಲೆ ಬಂದು, ನೀರಿನ ಮೇಲ್ಮೈಗೆ ಏರಿ ಗಾಳಿಯನ್ನು ನುಂಗಿ ಗಾಳಿಚೀಲವನ್ನು ತುಂಬಿಕೊಳ್ಳುತ್ತದೆ. ಬೆಚ್ಚನೆಯ ನೀರಿನಲ್ಲಿ ಹಳದಿಯ ಹೆಚ್ಚಿನ ಪಾಲು ದೇಹ ಕಟ್ಟುವ ಬದಲು ಉಸಿರಾಟಕ್ಕೇ ವ್ಯಯವಾಗುವುದರಿಂದ ಅಲ್ಲಿ ಬೇಗ ಬೆಳೆದ ಮರಿ ಸಾಮಾನ್ಯವಾಗಿ ಗಾತ್ರದಲ್ಲಿ ಚಿಕ್ಕದಾಗಿರುತ್ತದೆ.

ಹೊರಬರುವ ಹೊತ್ತು

ಜಲ್ಲಿಯಿಂದ ಮೇಲೆ ಬರುವ ವಾರ ಯಾವುದೆಂಬುದರ ಮೇಲೆ ಮರಿಯ ಬದುಕು ನಿಂತಿದೆ. ಬೇಗ ಬಂದರೆ ಒಳ್ಳೆಯ ತಾಣವನ್ನು ಮೊದಲು ಹಿಡಿಯಬಹುದು. ಆದರೆ ಹಿಮ ಕರಗಿದ ಪ್ರವಾಹ ಅದನ್ನು ಕೊಚ್ಚಿಕೊಂಡು ಹೋಗಬಹುದು, ಹಸಿದ ಬೇಟೆಗಾರ ಮೀನುಗಳಿಗೆ ಅದೇ ಮೊದಲ ತುತ್ತಾಗಬಹುದು. ತಡವಾಗಿ ಬಂದರೆ ನೀರು ಶಾಂತವಾಗಿರುತ್ತದೆ, ಆದರೆ ತಾಣಗಳು ಭರ್ತಿಯಾಗಿರುತ್ತವೆ, ಬೇಸಗೆಯ ಬೆಳವಣಿಗೆಯ ಕಾಲ ಮೊಟಕಾಗುತ್ತದೆ. ನಾರ್ವೆಯ ತಣ್ಣನೆಯ ನದಿಗಳಲ್ಲಿ ಸಾಲ್ಮನ್ ಮರಿಗಳು ವಸಂತದ ದೊಡ್ಡ ಪ್ರವಾಹ ಇಳಿದು ನೀರು ಸುಮಾರು 8° ಸೆ. ದಾಟಿದ ಮೇಲೆಯೇ ಮೇಯಲು ಆರಂಭಿಸುತ್ತವೆ ಎಂದು ಅಲ್ಲಿನ ಸಂಶೋಧಕರು 1980ರ ದಶಕದಲ್ಲಿ ತೋರಿಸಿದರು. ಚಳಿಗಾಲದ ನೀರು ಹೆಚ್ಚು ತಣ್ಣಗಿರುವ ನದಿಗಳಲ್ಲಿ ತಾಯಿಮೀನುಗಳು ಮೊದಲೇ ಮೊಟ್ಟೆಯಿಡುತ್ತವೆ, ಬೆಚ್ಚಗಿರುವ ನದಿಗಳಲ್ಲಿ ತಡವಾಗಿ ಇಡುತ್ತವೆ. ಹೀಗೆ ಮೊಟ್ಟೆಯಿಡುವ ಕಾಲವೇ ಪ್ರತಿ ನದಿಯ ಉಷ್ಣತೆಗೆ ಪೀಳಿಗೆಗಳುದ್ದಕ್ಕೂ ಹೊಂದಿಕೊಂಡಿದೆ. ಒಂದು ನದಿಯ ಮರಿಗಳನ್ನು ಇನ್ನೊಂದು ನದಿಯಲ್ಲಿ ಬಿಡುವ ಯೋಜನೆಗಳು ಸೋಲುವುದಕ್ಕೆ ಈ ಹೊಂದಾಣಿಕೆ ತಪ್ಪುವುದೂ ಒಂದು ಕಾರಣ.

ಹೊರಬಂದ ಮೇಲಿನ ಮೊದಲ ವಾರಗಳು ಎಷ್ಟು ನಿರ್ಣಾಯಕವೆಂಬುದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ್ದು ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಪ್ರದೇಶದ ಬ್ಲ್ಯಾಕ್ ಬ್ರೋಸ್ ಬೆಕ್ ಎಂಬ ಸಣ್ಣ ಹಳ್ಳ. ಜೆ. ಎಂ. ಎಲಿಯಟ್ 1966ರಿಂದ ಸುಮಾರು ಕಾಲು ಶತಮಾನ ಅಲ್ಲಿನ ಟ್ರೌಟ್ ಮರಿಗಳನ್ನು ಎಣಿಸುತ್ತ ಬಂದರು. ಮರಿಗಳ ಸಾವಿನ ಬಹುಪಾಲು ಜಲ್ಲಿಯಿಂದ ಹೊರಬಂದ ನಂತರದ 30ರಿಂದ 70 ದಿನಗಳ ಒಂದು ಸಂಕಟಕಾಲದಲ್ಲೇ ಸಂಭವಿಸುತ್ತದೆ, ಮರಿಗಳ ದಟ್ಟಣೆ ಹೆಚ್ಚಿದಷ್ಟೂ ಸಾವೂ ಹೆಚ್ಚುತ್ತದೆ, ಆ ಅವಧಿ ದಾಟಿದ ಮೇಲೆ ಉಳಿದವುಗಳ ಸಂಖ್ಯೆ ಬಹುಮಟ್ಟಿಗೆ ಸ್ಥಿರವಾಗುತ್ತದೆ ಎಂಬುದು ಅವರ ಮುಖ್ಯ ನಿರ್ಣಯ. ತಾಣ ಸಿಗದ ಮರಿಗಳು ಮೇಯಲಾರದೆ ಹರಿವಿನೊಡನೆ ಕೆಳಕ್ಕೆ ತೇಲಿಹೋಗಿ ಸಾಯುತ್ತವೆ. ಇಷ್ಟು ದೀರ್ಘಕಾಲ ಒಂದೇ ಹಳ್ಳಕ್ಕೆ ಅಂಟಿಕೊಂಡು ನಡೆಸಿದ ಅಧ್ಯಯನಗಳು ಜೀವವಿಜ್ಞಾನದಲ್ಲಿ ಅಪರೂಪ. ಮೀನುಗಳ ಸಂಖ್ಯೆಯ ಏರಿಳಿತದ ಬಗ್ಗೆ ಎಲಿಯಟ್ ಅವರ ಅಧ್ಯಯನ ಕೊಟ್ಟ ಒಳನೋಟವನ್ನು ಅಲ್ಪಕಾಲದ ಹತ್ತು ಯೋಜನೆಗಳು ಕೊಡಲಾರವು.

ತಾಣ, ಕಲ್ಲು ಮತ್ತು ಕಲಹ

ಹೊಳೆಯ ಮರಿ ಆಹಾರವನ್ನು ಅರಸಿ ಅಲೆಯುವುದಿಲ್ಲ. ಕಲ್ಲೊಂದರ ಮರೆಯಲ್ಲಿ, ಹರಿವು ಮಂದವಾಗಿರುವಲ್ಲಿ ಹರಿವಿಗೆದುರಾಗಿ ನಿಂತು, ಪಕ್ಕದ ರಭಸದ ನೀರಿನಲ್ಲಿ ತೇಲಿಬರುವ ಕೀಟಗಳನ್ನೂ ಅವುಗಳ ಮರಿಹುಳುಗಳನ್ನೂ ಮುನ್ನುಗ್ಗಿ ಹಿಡಿದು ಮತ್ತೆ ಅದೇ ಜಾಗಕ್ಕೆ ಮರಳುತ್ತದೆ. ಕಡಿಮೆ ಶ್ರಮಕ್ಕೆ ಹೆಚ್ಚು ಆಹಾರ ದೊರಕುವ ಇಂಥ ತಾಣಗಳು ಕೆಲವೇ ಇರುವುದರಿಂದ ಮರಿಗಳು ತಮ್ಮ ಎಲ್ಲೆಯೊಳಗೆ ಬಂದ ಇತರ ಮರಿಗಳನ್ನು ಈಜುರೆಕ್ಕೆ ನಿಗುರಿಸಿ ಹೆದರಿಸುತ್ತವೆ, ಕಚ್ಚಿ ಅಟ್ಟುತ್ತವೆ. ಸ್ವೀಡನ್ನಿನ ಕಲ್ಲೆಬೆರ್ಗ್ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಾಜಿನ ಮೂಲಕ ಒಳಗೆ ನೋಡಬಹುದಾದ ಕೃತಕ ಹೊಳೆಯ ತೊಟ್ಟಿಯಲ್ಲಿ ಸಾಲ್ಮನ್ ಮತ್ತು ಟ್ರೌಟ್ ಮರಿಗಳ ಈ ಕಲಹವನ್ನು ವಿವರವಾಗಿ ದಾಖಲಿಸಿದರು. ತಳ ಸಮತಟ್ಟಾಗಿದ್ದಾಗ ಬಲಿಷ್ಠ ಮರಿಯೊಂದು ವಿಶಾಲವಾದ ಎಲ್ಲೆಯನ್ನು ಕಾಯುತ್ತಿತ್ತು. ದಪ್ಪ ಕಲ್ಲುಗಳನ್ನಿಟ್ಟು ಮರಿಗಳು ಒಂದನ್ನೊಂದು ಕಾಣದಂತೆ ಮಾಡಿದಾಗ ಎಲ್ಲೆಗಳು ಕುಗ್ಗಿ, ಅದೇ ತೊಟ್ಟಿಯಲ್ಲಿ ಹೆಚ್ಚು ಮರಿಗಳು ನೆಲೆಸಲು ಸಾಧ್ಯವಾಯಿತು. ಹರಿವಿನ ವೇಗ ಹೆಚ್ಚಿದಾಗಲೂ ಮರಿಗಳು ತಳಕ್ಕೆ ಒತ್ತಿಕೊಂಡು ಎಲ್ಲೆಗಳು ಕಿರಿದಾಗುತ್ತಿದ್ದವು. ಹೊಳೆಯ ತಳದ ಕಲ್ಲುಗಳನ್ನು ಎತ್ತಿ ಒಯ್ದು ಅದನ್ನು ನುಣುಪಾದ ಕಾಲುವೆಯಾಗಿಸಿದರೆ ಮೀನು ಏಕೆ ಕಡಿಮೆಯಾಗುತ್ತದೆ ಎಂಬ ಪ್ರಶ್ನೆಗೆ ಈ ಸರಳ ಪ್ರಯೋಗದಲ್ಲಿ ಉತ್ತರವಿದೆ.

ಯಾವ ಮರಿ ಗೆಲ್ಲುತ್ತದೆ ಎಂಬುದಕ್ಕೆ ಅದರ ಚಯಾಪಚಯದ ವೇಗವೂ, ಎಂದರೆ ವಿಶ್ರಾಂತಿಯಲ್ಲಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯ ದರವೂ ಒಂದು ಕಾರಣವೆಂದು ಗ್ಲಾಸ್ಗೋ ವಿಶ್ವವಿದ್ಯಾಲಯದ ನೀಲ್ ಮೆಟ್‌ಕಾಫ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ತೋರಿಸಿದರು. ಹೆಚ್ಚು ಚಯಾಪಚಯ ದರದ ಮರಿಗಳು ಹೆಚ್ಚು ಆಕ್ರಮಣಶೀಲವಾಗಿದ್ದು ಜಗಳದಲ್ಲಿ ಮೇಲುಗೈ ಪಡೆಯುತ್ತವೆ. ಹಾಗಿದ್ದರೆ ಎಲ್ಲ ಮರಿಗಳೂ ಕಾಲಕ್ರಮದಲ್ಲಿ ಅಂಥವೇ ಏಕಾಗಿಲ್ಲ ಎಂಬುದಕ್ಕೆ ಪರಿಸರವೇ ಕಾರಣ. ಆಹಾರ ಎಲ್ಲಿ ಬರುತ್ತದೆಂಬುದು ಊಹೆಗೆ ಸಿಗುವಂತಿರುವ ತಾಣದಲ್ಲಿ ಆಕ್ರಮಣಕ್ಕೆ ಲಾಭವಿದೆ. ಆಹಾರದ ಬರವು ಅನಿಶ್ಚಿತವಾಗಿರುವಲ್ಲಿ, ಕಲ್ಲುಗಳ ನಡುವೆ ಎಲ್ಲೆ ಕಾಯುವುದೇ ಕಷ್ಟವಾಗಿರುವಲ್ಲಿ ಆ ಲಾಭ ಕರಗುತ್ತದೆ, ಬರಗಾಲದಲ್ಲಿ ಹೆಚ್ಚು ಖರ್ಚಿನ ದೇಹ ಹೊರೆಯೇ ಆಗುತ್ತದೆ.

ಉಷ್ಣತೆ, ಆಹಾರ ಮತ್ತು ಬೆಳವಣಿಗೆ

ಹೊಟ್ಟೆ ತುಂಬ ಆಹಾರ ಸಿಕ್ಕಾಗ ಕಂದು ಟ್ರೌಟ್ ಮರಿಗಳು ಅತಿ ಹೆಚ್ಚು ಬೆಳೆಯುವುದು 13°ರಿಂದ 14° ಸೆ.ನಲ್ಲಿ, ಸುಮಾರು 4°ಗಿಂತ ಕೆಳಗೂ 19°ಗಿಂತ ಮೇಲೂ ಬೆಳವಣಿಗೆ ನಿಲ್ಲುತ್ತದೆ. ಅಟ್ಲಾಂಟಿಕ್ ಸಾಲ್ಮನ್ ಮರಿಗೆ ಅನುಕೂಲವಾದ ಉಷ್ಣತೆ ಸುಮಾರು 16° ಸೆ. ಹೆಚ್ಚು ಕಾಲ ತಾಳಿಕೊಳ್ಳಬಲ್ಲ ಮೇಲ್ಮಿತಿ ಟ್ರೌಟ್‌ಗೆ 25° ಸೆ. ಆಸುಪಾಸಿನಲ್ಲಿದ್ದರೆ ಸಾಲ್ಮನ್‌ಗೆ 28° ಸೆ. ಆಸುಪಾಸಿನಲ್ಲಿದೆ. ಈ ಅಂಕಿಗಳು ಪಠ್ಯಪುಸ್ತಕಗಳಲ್ಲಿ ಮತ್ತೆಮತ್ತೆ ಬರುತ್ತವಾದರೂ ಅವುಗಳ ಜೊತೆಗೇ ಹೇಳಬೇಕಾದ ಮಾತೊಂದು ಹಲವು ಸಲ ಬಿಟ್ಟುಹೋಗುತ್ತದೆ. ಕೆನಡಾದ ಜೆ. ಆರ್. ಬ್ರೆಟ್ ಮತ್ತು ಸಹೋದ್ಯೋಗಿಗಳು 1969ರಲ್ಲಿ ಸಾಕ್‌ಐ ಸಾಲ್ಮನ್ ಮರಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಬೇಕಾದಷ್ಟು ಆಹಾರವಿದ್ದಾಗ ಬೆಳವಣಿಗೆ ಸುಮಾರು 15° ಸೆ.ನಲ್ಲಿ ಗರಿಷ್ಠವಾಗಿತ್ತು, ದಿನದ ಆಹಾರವನ್ನು ದೇಹತೂಕದ ಶೇ. 1.5ಕ್ಕೆ ಇಳಿಸಿದಾಗ ಆ ಗರಿಷ್ಠ ಬಿಂದು ಸುಮಾರು 5° ಸೆ.ಗೆ ಜಾರಿತು. ಬಿಸಿ ಏರಿದಂತೆ ದೇಹದ ನಿತ್ಯದ ಖರ್ಚೂ ಏರುವುದರಿಂದ, ಆಹಾರ ಅಷ್ಟೇ ಇದ್ದರೆ ಬೆಳೆಯಲು ಮಿಗುವುದು ಕಡಿಮೆ. ಹವಾಮಾನ ಬಿಸಿಯಾಗುತ್ತಿರುವ ಕಾಲದಲ್ಲಿ ಹೊಳೆಯ ಉಷ್ಣತೆಯನ್ನಷ್ಟೇ ಅಳೆದು ಮರಿಗಳ ಭವಿಷ್ಯ ಹೇಳುವುದು ಸಾಲದು. ಅದೇ ಹೊಳೆಯಲ್ಲಿ ಕೀಟಗಳು ಎಷ್ಟಿವೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಚಳಿಗಾಲ ಬಂದಾಗ ವರ್ತನೆಯೇ ಬದಲಾಗುತ್ತದೆ. ಬೇಸಗೆಯಲ್ಲಿ ಹಗಲಿಡೀ ಮೇಯುವ ಸಾಲ್ಮನ್ ಮರಿ ನೀರು ಸುಮಾರು 10° ಸೆ.ಗಿಂತ ಕೆಳಗಿಳಿದಾಗ ಹಗಲೆಲ್ಲ ಕಲ್ಲುಗಳ ಅಡಿಯಲ್ಲಿ ಅಡಗಿದ್ದು ರಾತ್ರಿ ಮಾತ್ರ ಹೊರಬರುತ್ತದೆ. ಇದಕ್ಕೆ ಕಾರಣ ಹಗಲಿನ ಅವಧಿ ಕುಗ್ಗುವುದಲ್ಲ, ಉಷ್ಣತೆ ಇಳಿಯುವುದು ಎಂದು ಸ್ಕಾಟ್ಲೆಂಡಿನ ಪ್ರಯೋಗಗಳು 1993ರಲ್ಲಿ ತೋರಿಸಿದವು. ತಣ್ಣೀರಿನಲ್ಲಿ ಮರಿಯ ಚಲನೆ ಜಡವಾಗಿರುತ್ತದೆ. ಆದರೆ ಅದನ್ನು ಬೇಟೆಯಾಡುವ ಬಿಸಿರಕ್ತದ ಹಕ್ಕಿಗಳೂ ನೀರುನಾಯಿಗಳೂ ಚಳಿಯಲ್ಲೂ ಚುರುಕಾಗಿರುತ್ತವೆ. ಕತ್ತಲಲ್ಲಿ ಆಹಾರ ಕಾಣುವುದು ಕಷ್ಟವಾದರೂ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಅಡಗಲು ಸಂದುಗಳಿಲ್ಲದ ಹೊಳೆಯಲ್ಲಿ ಈ ವ್ಯವಸ್ಥೆ ಮುರಿಯುತ್ತದೆ.

ಮಂಜುಗಡ್ಡೆಯ ಹೊದಿಕೆಯೂ ಒಂದು ಆಸರೆ. ಉತ್ತರ ನಾರ್ವೆಯ ಆಲ್ಟಾ ನದಿಯಲ್ಲಿ 1987ರಲ್ಲಿ ಜಲವಿದ್ಯುತ್ ಸ್ಥಾವರ ಕಾರ್ಯಾರಂಭ ಮಾಡಿದ ಮೇಲೆ, ಅಣೆಕಟ್ಟಿನಿಂದ ಹೊರಬರುವ ತುಸು ಬೆಚ್ಚನೆಯ ನೀರಿನಿಂದಾಗಿ ನದಿಯ ಮೇಲ್ಭಾಗ ಚಳಿಗಾಲದಲ್ಲೂ ಹೆಪ್ಪುಗಟ್ಟದಂತಾಯಿತು. ಬೆಚ್ಚಗಾದದ್ದು ಮರಿಗಳಿಗೆ ಅನುಕೂಲವೆಂದು ತೋರಬಹುದು. ಆದರೆ ಆ ನದಿಯ ಮರಿಗಳನ್ನು ಮಂಜುಗಡ್ಡೆಯ ಕೃತಕ ಹೊದಿಕೆಯ ಕೆಳಗೂ ಅದಿಲ್ಲದೆಯೂ ಇಟ್ಟು ನೋಡಿದ ಪ್ರಯೋಗಗಳಲ್ಲಿ, ಹೊದಿಕೆಯ ಕತ್ತಲಲ್ಲಿದ್ದ ಮರಿಗಳು ವಿಶ್ರಾಂತಿಯಲ್ಲಿ ಕಡಿಮೆ ಶಕ್ತಿ ವ್ಯಯಿಸುತ್ತಿದ್ದವು. ಶತಮಾನಗಳಿಂದ ಮಂಜುಗಡ್ಡೆಯ ಕೆಳಗೆ ಚಳಿಗಾಲ ಕಳೆದ ಮೀನಿಗೆ ತೆರೆದ ನೀರೇ ಸಂಕಷ್ಟ ತಂದೊಡ್ಡಬಲ್ಲದು.

ಉಳಿಯುವುದೋ ಇಳಿಯುವುದೋ

ಮಗ್ಗುಲಲ್ಲಿ ಬೆರಳಚ್ಚಿನಂಥ ಕಪ್ಪು ಪಟ್ಟೆಗಳಿರುವ ಹೊಳೆಯ ಮರಿಗೆ ಪಾರ್ ಎಂದು ಹೆಸರು. ಅದು ಬೆಳ್ಳಿಬಣ್ಣ ತಾಳಿ ಸಮುದ್ರಕ್ಕೆ ಸಿದ್ಧವಾದಾಗ ಸ್ಮೋಲ್ಟ್ ಆಗುತ್ತದೆ. ವಸಂತದಲ್ಲಿ ಹಗಲು ದೀರ್ಘವಾಗುವುದೇ ಈ ಬದಲಾವಣೆಗೆ ಮುಖ್ಯ ಸೂಚನೆ. ಉಷ್ಣತೆ ಅದರ ವೇಗವನ್ನು ನಿಯಂತ್ರಿಸುತ್ತದೆ. ಹುರುಪೆಗಳಲ್ಲಿ ಬೆಳ್ಳಿಹೊಳಪು ಕೊಡುವ ಗ್ವಾನೀನ್ ಶೇಖರವಾಗುತ್ತದೆ, ಉಪ್ಪನ್ನು ಹೊರಹಾಕುವ ಕಿಣ್ವ ಕಿವಿರುಗಳಲ್ಲಿ ಹೆಚ್ಚುತ್ತದೆ, ಹರಿವಿಗೆದುರಾಗಿ ನಿಂತು ಜಗಳವಾಡುತ್ತಿದ್ದ ಮರಿ ಗುಂಪುಗೂಡಿ ಹರಿವಿನೊಡನೆ ಕೆಳಕ್ಕೆ ಸಾಗುತ್ತದೆ. 

ಆದರೆ ನಿರ್ಧಾರ ವಸಂತಕ್ಕಿಂತ ಬಹಳ ಮೊದಲೇ ಆಗಿರುತ್ತದೆ. ಸ್ಕಾಟ್ಲೆಂಡಿನ ಪಿಟ್ಲಾಕ್ರಿಯಲ್ಲಿ ಜಾನ್ ಥಾರ್ಪ್ 1970ರ ದಶಕದಲ್ಲಿ ಕಂಡಂತೆ, ಒಂದೇ ತಾಯಿತಂದೆಗೆ ಹುಟ್ಟಿ ಒಂದೇ ತೊಟ್ಟಿಯಲ್ಲಿರುವ ಮರಿಗಳು ಮೊದಲ ಬೇಸಗೆಯ ಕೊನೆಗೆ ಎರಡು ಗಾತ್ರಗಳ ಗುಂಪುಗಳಾಗಿ ಒಡೆಯುತ್ತವೆ. ಚೆನ್ನಾಗಿ ಬೆಳೆದವು ಚಳಿಗಾಲದಲ್ಲೂ ಮೇಯುತ್ತ ಮರುವಸಂತದಲ್ಲೇ ಸ್ಮೋಲ್ಟ್ ಆಗುತ್ತವೆ. ಹಿಂದುಳಿದವು ಎದುರಿಗೆ ಆಹಾರವಿದ್ದರೂ ಹಸಿವನ್ನು ಕುಗ್ಗಿಸಿಕೊಂಡು, ಅಡಗಿ ಕುಳಿತು ಇನ್ನೊಂದು ವರ್ಷ ಹೊಳೆಯಲ್ಲಿ ಉಳಿಯುತ್ತವೆ. ಸ್ಪೇನ್, ಫ್ರಾನ್ಸ್‌ಗಳ ನದಿಗಳಲ್ಲಿ ಹೆಚ್ಚಿನ ಸಾಲ್ಮನ್ ಮರಿಗಳು ಒಂದೇ ವರ್ಷಕ್ಕೆ ಸಮುದ್ರ ಸೇರಿದರೆ ಉತ್ತರ ನಾರ್ವೆಯಲ್ಲಿ ನಾಲ್ಕೈದು ವರ್ಷ ಬೇಕಾಗುವುದಕ್ಕೆ ಬೆಳವಣಿಗೆಯ ಕಾಲದ ಉದ್ದವೇ ಕಾರಣ. ಇನ್ನು ಕೆಲವು ಗಂಡು ಮರಿಗಳು ಸಮುದ್ರವನ್ನು ಕಾಣದೆಯೇ ಹೊಳೆಯಲ್ಲಿ ಪ್ರೌಢವಾಗಿ, ದೊಡ್ಡ ಮೀನುಗಳು ಮೊಟ್ಟೆಯಿಡುವಾಗ ಕಳ್ಳತನದಿಂದ ನುಗ್ಗಿ ವೀರ್ಯ ಬಿಡುತ್ತವೆ.

ಸ್ಮೋಲ್ಟ್ ಹಂತದಲ್ಲೇ ತವರುಹೊಳೆಯ ವಾಸನೆ ಮರಿಯ ನೆನಪಿನಲ್ಲಿ ಅಚ್ಚೊತ್ತುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್ 1951ರಲ್ಲಿ ಮಂಡಿಸಿದ ಈ ವಾದವನ್ನು ಅವರ ತಂಡ 1970ರ ದಶಕದಲ್ಲಿ ಪ್ರಯೋಗದಿಂದ ಸಾಬೀತುಪಡಿಸಿತು. ಕೋಹೋ ಸಾಲ್ಮನ್ ಮರಿಗಳ ಒಂದು ಗುಂಪಿಗೆ ಮಾರ್ಫೊಲೀನ್, ಇನ್ನೊಂದಕ್ಕೆ ಫಿನೆಥೈಲ್ ಆಲ್ಕೊಹಾಲ್ ಎಂಬ ರಾಸಾಯನಿಕಗಳ ವಾಸನೆ ತೋರಿಸಿ ಮಿಶಿಗನ್ ಸರೋವರಕ್ಕೆ ಬಿಟ್ಟು, ಅವು ಪ್ರೌಢವಾಗಿ ಮರಳುವ ಕಾಲಕ್ಕೆ ಬೇರೆಬೇರೆ ಹೊಳೆಗಳಲ್ಲಿ ಅವೇ ರಾಸಾಯನಿಕಗಳನ್ನು ಬೆರೆಸಿದಾಗ, ಆಯಾ ಗುಂಪಿನ ಮೀನುಗಳು ತಾವು ಬಾಲ್ಯದಲ್ಲಿ ಮೂಸಿದ ವಾಸನೆಯ ಹೊಳೆಯನ್ನೇ ಏರಿದವು.

ದೇಹದ ಆಕಾರದ ಮೇಲೂ ಪರಿಸರ ಕೆಲಸ ಮಾಡುತ್ತದೆ. ಐಸ್‌ಲೆಂಡಿನ ಥಿಂಗ್‌ವತ್ಲವತ್ನ್ ಸರೋವರದಲ್ಲಿ ಆರ್ಕ್ಟಿಕ್ ಚಾರ್ ಎಂಬ ಒಂದೇ ಜಾತಿ ನಾಲ್ಕು ರೂಪಗಳಲ್ಲಿ ಬದುಕುತ್ತದೆ: ತಳದ ಲಾವಾಕಲ್ಲುಗಳ ನಡುವೆ ಬಸವನಹುಳು ತಿನ್ನುವ ದೊಡ್ಡ ಮತ್ತು ಕುಬ್ಜ ರೂಪಗಳೆರಡು, ತೆರೆದ ನೀರಿನಲ್ಲಿ ಪ್ಲವಕಗಳನ್ನು ಸೋಸಿ ತಿನ್ನುವುದೊಂದು, ಮೀನು ಹಿಡಿಯುವುದು ಇನ್ನೊಂದು. ಬಾಯಿಯ ಆಕಾರ, ಗಾತ್ರ, ಮೊಟ್ಟೆಯಿಡುವ ಕಾಲ ಇವುಗಳಲ್ಲಿ ಕಾಣುವ ಅಂತರಗಳಲ್ಲಿ ಕೆಲವು ವಂಶಪಾರಂಪರ್ಯವಾಗಿಯೂ ಕೆಲವು ಬಾಲ್ಯದ ಆಹಾರದಿಂದಲೂ ಬಂದವು. ಕೊನೆಯ ಹಿಮಯುಗದ ನಂತರದ ಸುಮಾರು 10,000 ವರ್ಷಗಳಲ್ಲಿ ಇಷ್ಟು ವೈವಿಧ್ಯ ಮೂಡಿದೆ.

ಹ್ಯಾಚರಿಯ ಬಾಲ್ಯ

ಹ್ಯಾಚರಿಯಲ್ಲಿ ಮೊಟ್ಟೆಗಳು ಸಮತಟ್ಟಾದ ತಟ್ಟೆಗಳಲ್ಲಿ, ಮರಿಗಳು ಬರಿಗೋಡೆಯ ತೊಟ್ಟಿಗಳಲ್ಲಿ ಬೆಳೆಯುತ್ತವೆ. ಆಹಾರ ಮೇಲಿನಿಂದ ಬೀಳುತ್ತದೆ, ಬೇಟೆಗಾರರಿಲ್ಲ, ಅಡಗಬೇಕಾದ ಕಾರಣವಿಲ್ಲ. ಉಳಿಯುವ ಮರಿಗಳ ಸಂಖ್ಯೆ ಹೊಳೆಗಿಂತ ಎಷ್ಟೋ ಪಟ್ಟು ಹೆಚ್ಚಾದರೂ ಬೆಳೆಯುವ ಮೀನು ಬೇರೆಯದೇ ಆಗುತ್ತದೆ. ತೊಟ್ಟಿಯ ತಳದಲ್ಲಿ ಕೇವಲ ಕಲ್ಲುಗಳನ್ನು ಹಾಸಿ ಬೆಳೆಸಿದ ಸ್ಟೀಲ್‌ಹೆಡ್ (ಸಮುದ್ರಕ್ಕಿಳಿಯುವ ಕಾಮನಬಿಲ್ಲು ಟ್ರೌಟ್) ಅಲೆವಿನ್‌ಗಳ ಹಿಮ್ಮೆದುಳು ಬರಿತೊಟ್ಟಿಯ ಮರಿಗಳದಕ್ಕಿಂತ ದೊಡ್ಡದಾಗಿತ್ತೆಂದು ಅಮೆರಿಕದ ಸಂಶೋಧಕರು 2006ರಲ್ಲಿ ವರದಿ ಮಾಡಿದರು. ನಾರ್ವೆಯ ಬೆರ್ಗೆನ್‌ನಲ್ಲಿ ಸಾಲ್ವಾನೆಸ್ ಮತ್ತು ಸಹೋದ್ಯೋಗಿಗಳು ತೊಟ್ಟಿಗೆ ಕಲ್ಲು ಮತ್ತು ಕೃತಕ ಸಸ್ಯಗಳನ್ನು ಸೇರಿಸಿ ಬೆಳೆಸಿದ ಸಾಲ್ಮನ್ ಮರಿಗಳು ಸಿಕ್ಕುದಾರಿಯ ಪರೀಕ್ಷೆಯಲ್ಲಿ ಬೇಗ ದಾರಿ ಕಲಿತದ್ದನ್ನೂ ಅವುಗಳ ಮುಮ್ಮೆದುಳಿನಲ್ಲಿ ನರಕೋಶಗಳ ಬೆಳವಣಿಗೆಗೆ ಸಂಬಂಧಿಸಿದ ಜೀನೊಂದು ಹೆಚ್ಚು ಸಕ್ರಿಯವಾಗಿದ್ದುದನ್ನೂ 2013ರಲ್ಲಿ ಪ್ರಕಟಿಸಿದರು. ಅಮೆರಿಕದ ಆರಿಗನ್ ರಾಜ್ಯದ ಹುಡ್ ನದಿಯ ಸ್ಟೀಲ್‌ಹೆಡ್ ಮೀನುಗಳ ಆನುವಂಶಿಕ ಅಧ್ಯಯನ 2007ರಲ್ಲಿ ಕಂಡುಕೊಂಡದ್ದು ಇನ್ನೂ ಗಂಭೀರ: ಹ್ಯಾಚರಿಯಲ್ಲಿ ಕಳೆದ ಪ್ರತಿ ಪೀಳಿಗೆಗೂ ಮೀನುಗಳು ನದಿಯಲ್ಲಿ ಸಂತಾನ ಪಡೆಯುವ ಸಾಮರ್ಥ್ಯ ಸುಮಾರು ಶೇ. 40ರಷ್ಟು ಕುಗ್ಗುತ್ತದೆ. ಕಲ್ಲು ಹಾಸುವುದು ಅಗ್ಗದ ಸುಧಾರಣೆ, ಅದನ್ನು ಮಾಡಲೇಬೇಕು. ಆದರೆ ಹ್ಯಾಚರಿ ನದಿಗೆ ಬದಲಿಯಾಗಲಾರದು.

ಕೆಟ್ಟ ನೀರು, ಬಿಸಿಯಾದ ನೀರು

ಇಪ್ಪತ್ತನೇ ಶತಮಾನದಲ್ಲಿ ಆಮ್ಲಮಳೆಯಿಂದಾಗಿ ದಕ್ಷಿಣ ನಾರ್ವೆಯ ಹಲವು ನದಿಗಳ ಸಾಲ್ಮನ್ ಸಂತತಿ ಅಳಿದುಹೋಯಿತು. ಆಮ್ಲೀಯ ನೀರು ಮಣ್ಣಿನ ಅಲ್ಯೂಮಿನಿಯಮನ್ನು ಕರಗಿಸಿ ತರುತ್ತದೆ; ಅದು ಕಿವಿರುಗಳ ಮೇಲೆ ಕುಳಿತು ಉಸಿರಾಟವನ್ನೂ ಲವಣಗಳ ಸಮತೋಲವನ್ನೂ ಕೆಡಿಸುತ್ತದೆ, ಸಮುದ್ರಕ್ಕೆ ಸಿದ್ಧವಾಗುತ್ತಿರುವ ಸ್ಮೋಲ್ಟ್‌ಗಳನ್ನು ಎಲ್ಲಕ್ಕಿಂತ ಹೆಚ್ಚಾಗಿ ಬಾಧಿಸುತ್ತದೆ. ಗಂಧಕದ ಹೊಗೆ ಕಡಿಮೆಯಾಗಿ, ಮಂಡಾಲ್, ತೊವ್ಡಾಲ್ ಮುಂತಾದ ನದಿಗಳಿಗೆ 1990ರ ದಶಕದಿಂದ ಸುಣ್ಣಕಲ್ಲಿನ ಪುಡಿ ಬೆರೆಸತೊಡಗಿದ ಮೇಲೆ ಮೀನು ಮರಳಿತು. ಹೊಸ ವಿಷಗಳೂ ಬೆಳಕಿಗೆ ಬರುತ್ತಿವೆ. ಟೈರುಗಳ ರಬ್ಬರಿಗೆ ಸೇರಿಸುವ ರಾಸಾಯನಿಕವೊಂದು ಗಾಳಿಯ ಓಜೋನಿನೊಡನೆ ಕೂಡಿ ಹುಟ್ಟುವ ವಸ್ತು ಮಳೆನೀರಿನೊಡನೆ ಹೊಳೆ ಸೇರಿ ಕೋಹೋ ಸಾಲ್ಮನ್‌ಗಳನ್ನು ಕೊಲ್ಲುತ್ತಿದೆಯೆಂದು 2020ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಂಶೋಧಕರು ಪತ್ತೆಹಚ್ಚಿದರು. ಇನ್ನು ಹೊಳೆಯ ನೀರು ಬಿಸಿಯಾಗುತ್ತಿರುವುದಕ್ಕೆ ಪರಿಹಾರವಾಗಿ ಸ್ಕಾಟ್ಲೆಂಡಿನ ಡೀ ನದಿಯ ಮೇಲ್ಹರಿವಿನ ದಡಗಳಲ್ಲಿ ಮರ ನೆಟ್ಟು ನೆರಳು ಬೆಳೆಸುತ್ತಿದ್ದಾರೆ.

ಭಾರತದಲ್ಲಿ

ಕಂದು ಟ್ರೌಟ್ ಕಾಶ್ಮೀರಕ್ಕೆ ಬ್ರಿಟನ್ನಿನಿಂದ 1900ರ ಸುಮಾರಿಗೆ ಬಂತು. ಅಲ್ಲಿಂದ ಹಿಮಾಚಲ ಪ್ರದೇಶದ ಹೊಳೆಗಳಿಗೆ ಹರಡಿತು. ಕುಲ್ಲು ಕಣಿವೆಯ ಪತ್ಲಿಕುಹಲ್‌ನಲ್ಲಿ ನಾರ್ವೆಯ ನೆರವಿನಿಂದ ಕಾಮನಬಿಲ್ಲು ಟ್ರೌಟ್ ಸಾಕಣೆ ನೆಲೆಗೊಂಡಿತು. ಉತ್ತರಾಖಂಡದ ಭೀಮತಾಲದಲ್ಲಿರುವ ಶೀತಜಲ ಮೀನುಗಾರಿಕೆ ಸಂಶೋಧನಾ ಕೇಂದ್ರ ಈ ವಿಷಯಕ್ಕೆಂದೇ ಮೀಸಲಾಗಿದೆ. ಕನ್ನಡ ನಾಡಿಗೆ ಹತ್ತಿರದ ಟ್ರೌಟ್ ನೆಲೆಯೆಂದರೆ ನೀಲಗಿರಿ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಅವಲಾಂಚೆಯಲ್ಲಿ ಹ್ಯಾಚರಿ ಆರಂಭವಾಗಿ, 2,000 ಮೀಟರಿಗೂ ಎತ್ತರದ ಹೊಳೆಗಳಲ್ಲಿ ಕಾಮನಬಿಲ್ಲು ಟ್ರೌಟ್ ಉಳಿದುಕೊಂಡಿತು. ಉಷ್ಣವಲಯದಲ್ಲಿ ಎತ್ತರವೇ ತಂಪನ್ನು ಒದಗಿಸುವುದರಿಂದ ಇಂಥ ನೆಲೆಗಳು ಬೆಟ್ಟದ ನೆತ್ತಿಗೇ ಸೀಮಿತ. ನೀರು ಬಿಸಿಯಾದರೆ ಮೀನಿಗೆ ಇನ್ನೂ ಮೇಲಕ್ಕೆ ಹೋಗಲು ಜಾಗವಿಲ್ಲ.

ಹಿಮಾಲಯದಲ್ಲಿ ಅಸಲಾ ಎಂದು ಕರೆಯುವ ಸ್ಕಿಜೊಥೊರ್ಯಾಕ್ಸ್ ರಿಚರ್ಡ್‌ಸೋನಿಯೈ ಸ್ಥಳೀಯ ಮೀನು. ದಡದ ಬಳಿಯ ಆಳವಿಲ್ಲದ, ಜಲ್ಲಿ ಮರಳಿನ ತಳದ ತಿಳಿನೀರಿನಲ್ಲಿ ಅದು ಮೊಟ್ಟೆಯಿಡುತ್ತದೆ. ಹೊರಗಿನಿಂದ ಬಂದ ಕಂದು ಟ್ರೌಟ್ ಅದರ ತಾಣಗಳನ್ನು ಆಕ್ರಮಿಸುತ್ತಿರುವುದರ ಜೊತೆಗೆ, ಕಟ್ಟಡ ಕೆಲಸಕ್ಕಾಗಿ ಹೊಳೆಗಳಿಂದ ಕಲ್ಲು ಜಲ್ಲಿ ಎತ್ತುವುದೂ, ವಿದ್ಯುತ್ ಬೇಡಿಕೆಗೆ ತಕ್ಕಂತೆ ಅಣೆಕಟ್ಟಿನ ನೀರನ್ನು ದಿನದೊಳಗೇ ಏರಿಳಿಸುವುದೂ ಅದರ ಮೊಟ್ಟೆಮರಿಗಳ ನೆಲೆಯನ್ನೇ ನಾಶಮಾಡುತ್ತಿವೆ. ಮೊಟ್ಟೆ ಮತ್ತು ಮರಿ ತಳದಲ್ಲಿರುವ ತಿಂಗಳುಗಳಲ್ಲಿ ಜಲ್ಲಿ ಎತ್ತುವುದನ್ನು ಪೂರ್ತಿಯಾಗಿ ನಿಲ್ಲಿಸದೆ, ಅಣೆಕಟ್ಟಿನ ಕೆಳಗಿನ ಹರಿವನ್ನು ಸ್ಥಿರವಾಗಿಡದೆ, ಹ್ಯಾಚರಿಯ ಮರಿಗಳನ್ನು ವರ್ಷವರ್ಷವೂ ಹೊಳೆಗೆ ಸುರಿಯುವುದರಿಂದ ಈ ಮೀನು ಉಳಿಯುವುದಿಲ್ಲ.